ನೆಮ್ಮದಿ ಸಿಕ್ಕಿತು, ಭಯ ಮಾತ್ರ ಬೆಳೆಯಿತು

ಪ್ರಶ್ನೆ: ನಾನು 34 ವರ್ಷದ ಉದ್ಯೋಗಸ್ಥೆ. ಕಚೇರಿಯ ಸಭೆಯಲ್ಲಿ ನಾಲ್ಕು ಜನರೆದುರು ಮಾತನಾಡಬೇಕೆಂದರೆ ಎದೆ ಹೊಡೆದುಕೊಳ್ಳುತ್ತದೆ, ಅಂಗೈ ಬೆವರುತ್ತದೆ, ಗಂಟಲು ಒಣಗುತ್ತದೆ. ಒಮ್ಮೆ ಮೈ ಸರಿಯಿಲ್ಲವೆಂದು ಹೇಳಿ ರಜೆ ಹಾಕಿದೆ. ಆ ದಿನ ಮನಸ್ಸು ಎಷ್ಟು ಹಗುರಾಯಿತೆಂದರೆ, ಅಂದಿನಿಂದ ಸಭೆಯಿದ್ದಾಗಲೆಲ್ಲ ಏನಾದರೊಂದು ನೆಪ ಹುಡುಕುತ್ತಿದ್ದೇನೆ. ಈಗ ಮೇಲಧಿಕಾರಿಗಳ ಫೋನ್ ಎತ್ತಲೂ ಭಯ. ಮನಸ್ಸಿಗೆ ಹಿತವಲ್ಲದ್ದನ್ನು ದೂರವಿಡಬೇಕೆಂದು ಎಲ್ಲರೂ ಹೇಳುತ್ತಾರೆ. ದೂರವಿಟ್ಟರೂ ನನ್ನ ಭಯ ಹೆಚ್ಚುತ್ತಿರುವುದೇಕೆ?

ಉತ್ತರ: ದೂರವಿಟ್ಟರೂ ಅಲ್ಲ, ದೂರವಿಟ್ಟಿದ್ದರಿಂದಲೇ ಹೆಚ್ಚುತ್ತಿದೆ. ನಿಮ್ಮನ್ನು ಹೀನಾಯವಾಗಿ ನಡೆಸಿಕೊಳ್ಳುವವರಿಂದ ದೂರವಿರುವುದು ವಿವೇಕದ ಮಾತು. ಆದರೆ ನಿಜವಾದ ಅಪಾಯವಿಲ್ಲದೆಯೂ ಭಯ ಹುಟ್ಟಿಸುವ ಕೆಲಸದಿಂದ ಹಿಂದೆ ಸರಿಯುವುದು ಆ ಭಯಕ್ಕೆ ನೀರೆರೆದಂತೆ. ರಜೆ ಹಾಕಿದ ದಿನ ನಿಮಗೆ ಸಿಕ್ಕ ಹಗುರತನವನ್ನು ಮಿದುಳು ಬಹುಮಾನವೆಂದು ಪರಿಗಣಿಸಿ, ತಪ್ಪಿಸಿಕೊಂಡದ್ದರಿಂದಲೇ ಬದುಕಿಕೊಂಡೆವು ಎಂದು ಕಲಿತುಕೊಂಡಿತು. ಅಷ್ಟೇ ಅಲ್ಲ, ಸಭೆಗೆ ಹೋಗಿದ್ದರೆ ಏನಾಗುತ್ತಿತ್ತು ಎಂಬುದನ್ನು ಕಣ್ಣಾರೆ ಕಾಣುವ ಅವಕಾಶವೂ ಅದಕ್ಕೆ ಸಿಗಲಿಲ್ಲ. ಭಯವು ಕಲಿಕೆಯಿಂದ ಹುಟ್ಟಿ, ತಪ್ಪಿಸಿಕೊಳ್ಳುವಿಕೆಯಿಂದ ಉಳಿದುಕೊಳ್ಳುತ್ತದೆ ಎಂಬ ವಿವರಣೆಯನ್ನು ಅಮೆರಿಕದ ಮನಃಶಾಸ್ತ್ರಜ್ಞ ಹೋಬರ್ಟ್ ಮೌರರ್ 1947ರಲ್ಲೇ ಮುಂದಿಟ್ಟಿದ್ದರು. ಸಭೆಯ ಭಯ ಫೋನಿಗೂ ಹಬ್ಬಿದ್ದು ಹೀಗೆಯೇ.

ಹಾಗೆಂದು ಮನಸ್ಸನ್ನು ಸಮಾಧಾನಪಡಿಸಿಕೊಳ್ಳುವುದೆಲ್ಲ ಪಲಾಯನವಲ್ಲ. ಒತ್ತಡವನ್ನು ಎದುರಿಸುವ ಬಗೆಗಳನ್ನು ವಿಸ್ತಾರವಾಗಿ ಅಧ್ಯಯನ ಮಾಡಿದ ರಿಚರ್ಡ್ ಲಾಜರಸ್ ಮತ್ತು ಸೂಸನ್ ಫೋಕ್‌ಮನ್ ಅವರು ಸಮಸ್ಯೆಯನ್ನೇ ಬಗೆಹರಿಸಲು ಹೊರಡುವ ಯತ್ನಗಳನ್ನೂ, ಸಮಸ್ಯೆಯಿಂದ ಹುಟ್ಟಿದ ಭಾವನೆಯನ್ನು ಸಂಭಾಳಿಸುವ ಯತ್ನಗಳನ್ನೂ ಬೇರೆ ಬೇರೆಯಾಗಿ ಗುರುತಿಸಿದರು. ಆಪ್ತರೊಬ್ಬರನ್ನು ಕಳೆದುಕೊಂಡವರ ಮುಂದೆ ಬಗೆಹರಿಸಬಹುದಾದ ಸಮಸ್ಯೆಯೇ ಇರುವುದಿಲ್ಲ. ಅಲ್ಲಿ ಅಳುವುದು, ಹೇಳಿಕೊಳ್ಳುವುದು, ಕೆಲವು ಗಂಟೆ ಬೇರೇನಾದರೂ ಕೆಲಸದಲ್ಲಿ ಮುಳುಗುವುದು ಎಲ್ಲವೂ ಆರೋಗ್ಯಕರವೇ. ನಿಮ್ಮ ವಿಷಯ ಬೇರೆ. ಇಲ್ಲಿ ಮಾಡಬಹುದಾದದ್ದು ಇದೆ, ಅದನ್ನು ನೀವು ಮುಂದೂಡುತ್ತಿದ್ದೀರಿ. ಯಾವುದೇ ಉಪಾಯವನ್ನು ಅಳೆಯುವಾಗ ಅದು ಈ ಕ್ಷಣಕ್ಕೆ ಎಷ್ಟು ನೆಮ್ಮದಿ ಕೊಟ್ಟಿತು ಎಂಬುದಕ್ಕಿಂತ, ಮುಂದಿನ ಸಲ ಅದೇ ಸಂದರ್ಭ ಬಂದಾಗ ನೀವು ಮಾಡಬಲ್ಲ ಕೆಲಸಗಳು ಹೆಚ್ಚಾದವೋ ಕಡಿಮೆಯಾದವೋ ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಎದೆಬಡಿತ, ಬೆವರು, ಒಣಗಿದ ಗಂಟಲು, ಇವು ಅಡ್ರಿನಲಿನ್ ಎಂಬ ಹಾರ್ಮೋನು ರಕ್ತಕ್ಕೆ ಸೇರಿದಾಗ ದೇಹ ಮಾಡಿಕೊಳ್ಳುವ ಸಿದ್ಧತೆಗಳು. ಕುಳಿತಲ್ಲೇ ಉಳಿದುಕೊಂಡರೆ ಅವು ಏರಿ, ಸ್ವಲ್ಪ ಹೊತ್ತು ನಿಂತು, ತಾವಾಗಿಯೇ ಇಳಿಯುತ್ತವೆ. ಹಾಗೆ ಇಳಿಯುವವರೆಗೆ ಅಲ್ಲಿರುವುದನ್ನು ನೀವು ಅಭ್ಯಾಸ ಮಾಡಬೇಕು, ಅದೂ ಸುಲಭದ್ದರಿಂದ ಆರಂಭಿಸಿ. ಮೊದಲು ಪರಿಚಿತ ಸಹೋದ್ಯೋಗಿಗೆ ನೀವಾಗಿಯೇ ಫೋನ್ ಮಾಡಿ; ಅದು ರೂಢಿಯಾದ ಮೇಲೆ ಮೇಲಧಿಕಾರಿಗಳ ಕರೆ ತೆಗೆದುಕೊಳ್ಳಿ; ಆಮೇಲೆ ಸಭೆಯಲ್ಲಿ ಒಂದೇ ಒಂದು ಪ್ರಶ್ನೆ ಕೇಳಿ. ಒಂದು ಮೆಟ್ಟಿಲು ಬೇಸರ ಬರಿಸುವಷ್ಟು ರೂಢಿಯಾಗುವವರೆಗೆ ಮುಂದಿನದಕ್ಕೆ ಅವಸರ ಬೇಡ. ಪ್ರತಿ ಸಲವೂ ಮೊದಲೇ ಒಂದು ಹಾಳೆಯಲ್ಲಿ ಏನಾದೀತೆಂಬ ನಿಮ್ಮ ಊಹೆಯನ್ನೂ, ಮುಗಿದ ಮೇಲೆ ಅದರ ಪಕ್ಕದಲ್ಲೇ ಆದದ್ದನ್ನೂ ಬರೆದಿಡಿ. ಎಡಗಡೆ ‘ಧ್ವನಿ ನಡುಗುತ್ತದೆ, ಎಲ್ಲರೂ ನಗುತ್ತಾರೆ’ ಎಂದಿದ್ದರೆ, ಬಲಗಡೆ ‘ಧ್ವನಿ ನಡುಗಿತು, ಒಬ್ಬರು ಅಂಕಿಯನ್ನು ಮತ್ತೊಮ್ಮೆ ಹೇಳಿ ಎಂದರು, ಉಳಿದವರು ತಮ್ಮ ಕಾಗದಗಳನ್ನು ನೋಡುತ್ತಿದ್ದರು’ ಎಂದಿರಬಹುದು. ಧ್ವನಿ ನಡುಗುವುದಿಲ್ಲವೆಂಬ ಭರವಸೆಯನ್ನು ನಾನು ಕೊಡಲಾರೆ. ನಡುಗಿದರೂ ಕೆಲಸ ನಡೆಯುತ್ತದೆ ಎಂಬುದು ನಿಮಗೆ ಗೊತ್ತಾಗಬೇಕಾದ ವಿಷಯ. ಒಬ್ಬರೇ ಮಾಡುವುದು ಕಷ್ಟವೆನಿಸಿದರೆ, ಯೋಚನೆ ಮತ್ತು ನಡವಳಿಕೆಯನ್ನು ಬದಲಿಸಲು ನೆರವಾಗುವ ಅರಿವು-ವರ್ತನಾ ಚಿಕಿತ್ಸೆಯಲ್ಲಿ ತರಬೇತಿ ಪಡೆದ ಮನಃಶಾಸ್ತ್ರಜ್ಞರು ಇದೇ ಕ್ರಮವನ್ನು ನಿಮ್ಮ ಜೊತೆ ಕುಳಿತು ಮಾಡಿಸುತ್ತಾರೆ.

ಪ್ರಶ್ನೆ: ನನಗೆ 51 ವರ್ಷ, ಸ್ವಂತ ವ್ಯಾಪಾರವಿದೆ. ಮಲಗಿದ ತಕ್ಷಣ ಸಾಲ, ಬಾಕಿ, ಮಕ್ಕಳ ಭವಿಷ್ಯ ಎಲ್ಲವೂ ಒಟ್ಟಿಗೆ ತಲೆಗೆ ಬರುತ್ತವೆ. ಯೋಚಿಸಬಾರದೆಂದುಕೊಂಡಷ್ಟೂ ಹೆಚ್ಚು ಯೋಚನೆ. ಎರಡು ಪೆಗ್ ತೆಗೆದುಕೊಂಡರೆ ಬೇಗ ನಿದ್ದೆ ಬರುತ್ತದೆ, ಆದರೆ ಮೂರು ಗಂಟೆಗೆ ಎಚ್ಚರವಾಗುತ್ತದೆ. ನನಗೆ ಕುಡಿತದ ಚಟವೇನೂ ಇಲ್ಲ.

ಉತ್ತರ: ಮೂರು ಗಂಟೆಯ ಎಚ್ಚರಕ್ಕೆ ಆ ಎರಡು ಪೆಗ್ಗುಗಳೇ ಕಾರಣವಾಗಿರುವ ಸಾಧ್ಯತೆ ಹೆಚ್ಚು. ಮದ್ಯವು ಬೇಗ ನಿದ್ದೆ ಹತ್ತಿಸುತ್ತದೆ, ನಿಜ. ಆದರೆ ದೇಹ ಅದನ್ನು ಕರಗಿಸಿ ಮುಗಿಸುವ ಹೊತ್ತಿಗೆ, ಅಂದರೆ ರಾತ್ರಿಯ ಎರಡನೆಯ ಅರ್ಧದಲ್ಲಿ, ನಿದ್ದೆ ತುಂಡುತುಂಡಾಗುತ್ತದೆ. ಇದೇ ಪ್ರಮಾಣ ಕೆಲವು ವಾರಗಳಲ್ಲಿ ಸಾಲದೆ ಹೋಗುವುದೂ ಉಂಟು. ಚಟವಿಲ್ಲ ಎಂಬ ನಿಮ್ಮ ಮಾತನ್ನು ನಾನು ನಂಬುತ್ತೇನೆ, ಆದರೆ ನಿದ್ದೆಗಾಗಿ ಕುಡಿಯುವುದು ಚಟದ ಕಡೆಗೆ ಹೋಗುವ ಬಹಳ ಸಾಮಾನ್ಯವಾದ ದಾರಿ. ಒಂದೊಮ್ಮೆ ನೀವು ಬರೆದಿರುವುದಕ್ಕಿಂತ ಹೆಚ್ಚು ಪ್ರಮಾಣವನ್ನು ದಿನವೂ ಬಹುಕಾಲದಿಂದ ತೆಗೆದುಕೊಳ್ಳುತ್ತಿದ್ದರೆ, ಥಟ್ಟನೆ ನಿಲ್ಲಿಸುವುದು ಅಪಾಯಕಾರಿ. ವೈದ್ಯರ ಸಲಹೆಯಂತೆ ನಿಲ್ಲಿಸಬೇಕು.

ಯೋಚನೆಯನ್ನು ಅದುಮುವುದರ ಬಗ್ಗೆ 1987ರಲ್ಲಿ ಮನಃಶಾಸ್ತ್ರಜ್ಞ ಡೇನಿಯಲ್ ವೆಗ್ನರ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗ ಪ್ರಸಿದ್ಧವಾಗಿದೆ. ಬಿಳಿ ಕರಡಿಯ ಬಗ್ಗೆ ಯೋಚಿಸಬೇಡಿ, ನೆನಪಾದರೆ ಗಂಟೆ ಬಾರಿಸಿ ಎಂದು ಹೇಳಿಸಿಕೊಂಡವರು ಮತ್ತೆ ಮತ್ತೆ ಗಂಟೆ ಬಾರಿಸಿದರು. ಅಷ್ಟೇ ಅಲ್ಲ, ನಂತರ ಯೋಚಿಸಲು ಅನುಮತಿ ಸಿಕ್ಕಾಗ ಮೊದಲಿನಿಂದಲೂ ಅನುಮತಿಯಿದ್ದವರಿಗಿಂತ ಹೆಚ್ಚು ಯೋಚಿಸಿದರು. ಆದ್ದರಿಂದ ಚಿಂತೆಯನ್ನು ನಿಷೇಧಿಸುವುದರ ಬದಲು ಅದಕ್ಕೊಂದು ಸಮಯ ಗೊತ್ತುಮಾಡಿ. ಸಂಜೆ ಅರ್ಧ ಗಂಟೆ, ಹಾಸಿಗೆಯಿಂದ ದೂರದ ಕುರ್ಚಿಯಲ್ಲಿ ಕುಳಿತು, ಒಂದೊಂದು ಬಾಕಿಯನ್ನೂ ಬರೆದು, ಅದರ ಮುಂದೆ ನಾಳೆ ಮಾಡಬಹುದಾದ ಒಂದು ಕೆಲಸವನ್ನು ನಮೂದಿಸಿ; ಏನೂ ಮಾಡಲಾಗದಿದ್ದರೆ ಹಾಗೆಂದೇ ಬರೆಯಿರಿ. ಮಲಗಿ ಸುಮಾರು 20 ನಿಮಿಷವಾದರೂ ನಿದ್ದೆ ಬರದಿದ್ದರೆ ಎದ್ದು ಮಂದ ಬೆಳಕಿನಲ್ಲಿ ಕುಳಿತು, ಕಣ್ಣು ಎಳೆಯತೊಡಗಿದಾಗ ಮಾತ್ರ ಹಾಸಿಗೆಗೆ ಹಿಂದಿರುಗಿ. ಈ ನಡುವೆ ಗಡಿಯಾರ ನೋಡುತ್ತ ಕೂರಬೇಡಿ. ಎಷ್ಟೇ ಕಡಿಮೆ ನಿದ್ದೆಯಾಗಿದ್ದರೂ ಬೆಳಿಗ್ಗೆ ಒಂದೇ ಹೊತ್ತಿಗೆ ಏಳಿ. ಮೊದಲ ಕೆಲವು ದಿನ ಇದರಿಂದ ಆಯಾಸ ಹೆಚ್ಚಿದಂತೆ ಕಾಣುತ್ತದೆ; ಅದಕ್ಕೆ ಹೆದರಿ ಬಿಟ್ಟುಬಿಡುವವರೂ ಇದ್ದಾರೆ.

ಪ್ರಶ್ನೆ: ಕಣ್ಣು ಮುಚ್ಚಿ ಧ್ಯಾನಕ್ಕೆ ಕುಳಿತರೆ ನನ್ನ ಗಾಬರಿ ಇನ್ನೂ ಹೆಚ್ಚುತ್ತದೆ. ನನ್ನಲ್ಲೇ ದೋಷವಿದೆಯೇ?

ಉತ್ತರ: ಇಲ್ಲ. ಉಸಿರು ಮತ್ತು ಎದೆಬಡಿತದ ಕಡೆ ಗಮನ ಹೋದಾಗ ಕೆಲವರಿಗೆ ಹಾಗಾಗುತ್ತದೆ, ಅದರಲ್ಲೂ ಹಿಂದೆ ಆಘಾತ ಅನುಭವಿಸಿದವರಿಗೆ. ಕಣ್ಣು ತೆರೆದೇ ಇರಿ, ಅಥವಾ ಕುಳಿತುಕೊಳ್ಳುವ ಬದಲು ಚುರುಕಾಗಿ ನಡೆಯಿರಿ. ಧ್ಯಾನ ಎಲ್ಲರಿಗೂ ಒಗ್ಗಲೇಬೇಕೆಂಬ ನಿಯಮವಿಲ್ಲ.

ಪ್ರಶ್ನೆ: ನನ್ನ ತಮ್ಮನಿಗೆ 26 ವರ್ಷ. ಎರಡು ತಿಂಗಳಿಂದ ಕೋಣೆಯಿಂದ ಹೊರಗೆ ಬರುವುದಿಲ್ಲ, ಇಷ್ಟದ ಕ್ರಿಕೆಟ್ ಕೂಡ ನೋಡುವುದಿಲ್ಲ, ಊಟ ಅರ್ಧಕ್ಕೆ ಬಿಡುತ್ತಾನೆ. ‘ನಾನು ಯಾರಿಗೂ ಬೇಡ’ ಎನ್ನುತ್ತಾನೆ. ಸೋಮಾರಿತನ ಎಂದು ತಂದೆ ಬೈಯುತ್ತಾರೆ. ಮಾತ್ರೆ ಶುರು ಮಾಡಿದರೆ ಜೀವನಪೂರ್ತಿ ಬಿಡಲಾಗದು ಎಂದು ತಾಯಿಗೆ ಭಯ.

ಉತ್ತರ: ಮೊದಲು ಮಾಡಬೇಕಾದ ಕೆಲಸ, ಸಾಯಬೇಕೆಂಬ ಯೋಚನೆ ಬರುತ್ತಿದೆಯೇ ಎಂದು ನಿಮ್ಮ ತಮ್ಮನನ್ನು ನೇರವಾಗಿ, ಸಮಾಧಾನದ ಧ್ವನಿಯಲ್ಲಿ ಕೇಳುವುದು. ಕೇಳಿದರೆ ಇಲ್ಲದ ಯೋಚನೆ ಹುಟ್ಟೀತೆಂಬ ಅಂಜಿಕೆಗೆ ಆಧಾರವಿಲ್ಲ; ಎಷ್ಟೋ ಸಲ ಕೇಳಿಸಿಕೊಂಡವರು ನಿಟ್ಟುಸಿರು ಬಿಟ್ಟು ಮಾತು ಆರಂಭಿಸುತ್ತಾರೆ. ಹೌದೆಂದರೆ ಒಬ್ಬರನ್ನೇ ಬಿಡಬೇಡಿ, ಮಾತ್ರೆ, ವಿಷಪದಾರ್ಥ, ಹರಿತವಾದ ವಸ್ತುಗಳನ್ನು ಅವರ ಕೈಗೆ ಸಿಗದಂತೆ ತೆಗೆದಿಡಿ, ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.

ಇಲ್ಲವೆಂದರೂ ಮನೋವೈದ್ಯರನ್ನು ಕಾಣುವುದನ್ನು ಮುಂದೂಡಬೇಡಿ. ಕುಗ್ಗಿದ ಮನಸ್ಸು ಅಥವಾ ಯಾವುದರಲ್ಲೂ ಆಸಕ್ತಿಯಿಲ್ಲದಿರುವುದು, ಅದರ ಜೊತೆಗೆ ಹಸಿವು, ನಿದ್ದೆ, ಶಕ್ತಿ, ಏಕಾಗ್ರತೆ ಕೆಡುವುದು, ತನಗೆ ಬೆಲೆಯಿಲ್ಲವೆನಿಸುವುದು, ಇಂಥ ಹಲವು ಲಕ್ಷಣಗಳು ಬಹುತೇಕ ಪ್ರತಿದಿನವೂ ಎರಡು ವಾರ ಮುಂದುವರಿದು ದಿನನಿತ್ಯದ ಬದುಕಿಗೆ ಅಡ್ಡಿಯಾದರೆ ವೈದ್ಯರು ಖಿನ್ನತೆಯನ್ನು ಪರಿಗಣಿಸುತ್ತಾರೆ. ಸೋಮಾರಿಯಾದವನು ಕೆಲಸ ಬಿಟ್ಟಾನೇ ಹೊರತು ಕ್ರಿಕೆಟ್ ಬಿಡುವುದಿಲ್ಲ ಎಂದು ನಿಮ್ಮ ತಂದೆಯವರಿಗೆ ಹೇಳಿ ನೋಡಿ. ಥೈರಾಯ್ಡ್ ಕೊರತೆ, ರಕ್ತಹೀನತೆ, ಬಿ12 ಕೊರತೆಗಳೂ ಇದೇ ರೂಪದಲ್ಲಿ ಕಾಣಿಸಿಕೊಳ್ಳಬಹುದಾದ್ದರಿಂದ ರಕ್ತ ಪರೀಕ್ಷೆಗೂ ಹೇಳುತ್ತಾರೆ. ಸೌಮ್ಯ ಪ್ರಮಾಣದ ಖಿನ್ನತೆಗೆ ಮಾತ್ರೆಯಿಲ್ಲದೆ, ಮಾತಿನ ಚಿಕಿತ್ಸೆಯಿಂದಲೇ ಆರಂಭಿಸುವುದುಂಟು.

ಮಾತ್ರೆ ಬೇಕಾದರೆ, ನಿಮ್ಮ ತಾಯಿಯವರು ತಿಳಿಯಬೇಕಾದದ್ದು ಇಷ್ಟು. ಖಿನ್ನತೆ ನಿವಾರಕಗಳ ಪೂರ್ಣ ಪರಿಣಾಮ ಕಾಣಲು ಕೆಲವು ವಾರಗಳು ಬೇಕು, ಆದರೆ ವಾಕರಿಕೆಯಂಥ ಅಡ್ಡಪರಿಣಾಮಗಳು ಮೊದಲ ವಾರದಲ್ಲೇ ಬರುತ್ತವೆ. ‘ಇದರಿಂದ ಇನ್ನೂ ಕೆಟ್ಟಿತು’ ಎಂದು ನಿಲ್ಲಿಸುವುದು ಈ ಹಂತದಲ್ಲೇ. ಚಿಕ್ಕ ವಯಸ್ಸಿನವರಲ್ಲಿ ಆರಂಭದ ವಾರಗಳಲ್ಲಿ ಚಡಪಡಿಕೆ ಅಥವಾ ಸಾವಿನ ಯೋಚನೆ ಹೆಚ್ಚಿದರೆ ಕೂಡಲೇ ವೈದ್ಯರಿಗೆ ತಿಳಿಸಬೇಕು. ಚೇತರಿಸಿಕೊಂಡ ಮೇಲೂ ಸಾಮಾನ್ಯವಾಗಿ ಕನಿಷ್ಠ ಆರು ತಿಂಗಳು ಮುಂದುವರಿಸಿ, ನಂತರ ಪ್ರಮಾಣವನ್ನು ನಿಧಾನವಾಗಿ ಇಳಿಸುತ್ತಾರೆ. ಅನೇಕರು ಹೀಗೆ ನಿಲ್ಲಿಸಿದ್ದಾರೆ.

ಅಲ್ಲಿಯವರೆಗೆ ಉಪದೇಶ ಬೇಡ. ‘ಹೊರಗೆ ಹೋಗು’ ಎನ್ನುವ ಬದಲು ‘ಹತ್ತು ನಿಮಿಷ ನನ್ನ ಜೊತೆ ನಡೆದು ಬರೋಣ ಬಾ’ ಎನ್ನಿ, ಒಲ್ಲೆನೆಂದರೆ ಮರುದಿನ ಮತ್ತೆ ಕರೆಯಿರಿ. ವೈದ್ಯರಲ್ಲಿಗೆ ಹೋಗುವಾಗ ನಿದ್ದೆ, ಊಟ, ಆಡಿದ ಮಾತುಗಳನ್ನು ದಿನಾಂಕ ಸಮೇತ ಬರೆದುಕೊಂಡು ಹೋಗಿ. ಅವರ ಜೊತೆ ಏಕಾಂತದಲ್ಲಿ ಮಾತನಾಡಲು ನಿಮ್ಮ ತಮ್ಮನಿಗೂ ಸಮಯ ಬಿಟ್ಟುಕೊಡಿ.