ಕೆಜಿಎಫ್ ಗಣಿ ಮ್ಯಾಪ್ ಮಾಡೋಕೆ ಡ್ರೋನ್ ಬೇಕಾ?

ಪ್ರಶ್ನೆ: ಸಾರ್, ಕೆಜಿಎಫ್‌ನಲ್ಲಿ ಉಳಿದಿರೋ ಹಳೇ ಶಾಫ್ಟು (ಗಣಿಗೆ ಇಳಿಯೋ ಬಾವಿ), ಕಲ್ಲು ಅರೆಯೋ ಮಿಲ್ಲು, ಕಾರ್ಮಿಕರ ಸಾಲು ಮನೆಗಳಾದ ಲೈನ್ ಮನೆಗಳನ್ನೆಲ್ಲ ಬಿದ್ದುಹೋಗೋ ಮುಂಚೆ ಮ್ಯಾಪ್‌ನಲ್ಲಿ ಗುರುತು ಹಾಕಿಡ್ಬೇಕು ಅಂತ ನಾವೊಂದಷ್ಟು ಜನ ಸ್ನೇಹಿತರು ಅಂದ್ಕೊಂಡಿದೀವಿ. ಯಾರೂ ಸರ್ವೇಯರ್ ಅಲ್ಲ, ಕೈಲಿರೋದು ಫೋನ್ ಮಾತ್ರ. ಡ್ರೋನ್ ಬೇಕೇ ಬೇಕಾ?

ಉತ್ತರ: ಡ್ರೋನ್ ಆಮೇಲೆ, ಮೊದಲು ಕೂತು ಮಾಡೋ ಕೆಲ್ಸ ಮುಗಿಸ್ಕೊಳ್ಳಿ. ಹಳೇ ಮ್ಯಾಪ್ ಒಂದರ ಸ್ಕ್ಯಾನ್ ಸಿಕ್ಕಿದ್ರೆ ಕ್ಯೂಜಿಐಎಸ್ ಅನ್ನೋ ಫ್ರೀ ಸಾಫ್ಟ್‌ವೇರ್‌ನಲ್ಲಿ ಅದನ್ನ ಈಗಿನ ಸ್ಯಾಟಲೈಟ್ ಚಿತ್ರದ ಮೇಲೆ ಕೂರಿಸ್ಬಹುದು, ಅದಕ್ಕೆ ಎರಡರಲ್ಲೂ ಕಾಣೋ, ಜಾಗ ಬಿಟ್ಟು ಅಲ್ಲಾಡದೇ ಇರೋ ಗುರುತುಗಳು ಬೇಕು. ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗೋ ರೈಲು ಹಳಿ ಇದ್ಯಲ್ಲ, ಕೋರಮಂಡಲ್, ಊರ್ಗಾಂ, ಚಾಂಪಿಯನ್ ಸ್ಟೇಷನ್ನುಗಳು, ಇನ್ನೇನು ಬೇಕು! ಸೈನೈಡ್ ದಿಬ್ಬದ ಅಂಚನ್ನ ಮಾತ್ರ ನಂಬ್ಬೇಡಿ. ಕಲ್ಲು ಅರೆದು ಚಿನ್ನ ತೆಗೆದ್ಮೇಲೆ ಉಳಿದ ನುಣುಪು ಮಣ್ಣು ಅದು, ಮಳೆಗೆ ಕೊಚ್ಚಿ ಗಾಳಿಗೆ ಹಾರಿ ಆಕಾರ ಬದಲಾಗ್ತಾನೇ ಇರುತ್ತೆ.

ಸರಿಯಾಗಿ ಕೂತ್ರೆ ಬಾಲಾಘಾಟ್, ನಂದಿದುರ್ಗ, ಊರ್ಗಾಂ, ಚಾಂಪಿಯನ್ ರೀಫ್, ಮೈಸೂರು ಗಣಿಗಳು ಉತ್ತರದಿಂದ ದಕ್ಷಿಣಕ್ಕೆ ಸಾಲಾಗಿ ಕಾಣ್ತವೆ, ಯಾಕಂದ್ರೆ ಚಿನ್ನದ ಪದರ ಓಡಿರೋದೇ ಆ ದಿಕ್ಕಿಗೆ. ಆದ್ರೆ ಒಳಗೆ ಪದರ ಪಶ್ಚಿಮಕ್ಕೆ ವಾಲ್ಕೊಂಡು ಇಳಿಯುತ್ತೆ, ಚಾಂಪಿಯನ್ ರೀಫ್ ಅಂತೂ 3 ಕಿ.ಮೀ.ಗೂ ಹೆಚ್ಚು ಆಳ, ಹಾಗಾಗಿ ಮೇಲ್ಗಡೆ ನೋಡಿ ಸುರಂಗಗಳನ್ನ ಊಹೆ ಮಾಡಿ ಗೆರೆ ಎಳೀಬೇಡಿ.

ಜಾಗಕ್ಕೆ ಹೋದಾಗ ಫೋನ್ ಜಿಪಿಎಸ್ ಕೆಲವು ಮೀಟರ್ ಆಚೀಚೆ ತೋರ್ಸುತ್ತೆ, ಪರ್ವಾಗಿಲ್ಲ. ಅದಕ್ಕಿಂತ ಮುಖ್ಯ, ಪ್ರತಿ ಪಾಯಿಂಟ್ ಎದುರಿಗೂ ಇದು ನಾವು ಕಣ್ಣಾರೆ ನೋಡಿದ್ದಾ, ಯಾರೋ ಹೇಳಿದ್ದಾ, ಬರೀ ಹಳೇ ಮ್ಯಾಪಲ್ಲಿ ಇದ್ದಿದ್ದಾ ಅಂತ ಬೇರೆ ಬೇರೆ ಕಾಲಂನಲ್ಲಿ ಬರೀಬೇಕು. ಇದನ್ನ ಶುರುವಲ್ಲೇ ಮಾಡ್ದೇ ಇದ್ರೆ ಆಮೇಲೆ ಬೇರ್ಪಡಿಸೋಕೆ ಆಗಲ್ಲ, ಎಷ್ಟೋ ಉತ್ಸಾಹದ ಮ್ಯಾಪುಗಳು ಇದ್ರಿಂದಾನೇ ಕೆಲ್ಸಕ್ಕೆ ಬಾರದೇ ಹೋಗಿರೋದು. ಇನ್ನು 'ಬ್ರಿಟಿಷರ ಕಾಲದ್ದು' ಅಂತ ಬರೆದು ಕೈತೊಳ್ಕೋಬೇಡಿ! ಗಣಿ ನಡೆಸಿದ ಬ್ರಿಟಿಷ್ ಕಂಪ್ನಿ ಜಾನ್ ಟೇಲರ್ ಬಂದಿದ್ದು 1880ರಲ್ಲಿ, ಶಿವನಸಮುದ್ರದ ಕರೆಂಟ್ ಬಂದಿದ್ದು 1902ರಲ್ಲಿ, ಸರ್ಕಾರದ ಕೈಗೆ ಹೋಗಿದ್ದು 1956ರಲ್ಲಿ, ಮುಚ್ಚಿದ್ದು 2001ರಲ್ಲಿ. ಹಬೆ ಯಂತ್ರಕ್ಕೆ ಕಟ್ಟಿದ ಮನೆ, ಮೋಟರ್‌ಗೆ ಕಟ್ಟಿದ ಮನೆ ಎರಡೂ ಬೇರೆ ಕಥೆ. ಕಟ್ಟಡದಲ್ಲಿ ಏನು ನಡೀತಿತ್ತು ಅನ್ನೋದು ಒಳಗೆ ದುಡಿದ ಹಿರಿಯರಿಗೆ ಗೊತ್ತು, ಹೆಚ್ಚಿನವರು ತಮಿಳಲ್ಲಿ ಹೇಳ್ತಾರೆ, ಅವರ ಒಪ್ಪಿಗೆ ಕೇಳಿ ಅವರ ಮಾತಲ್ಲೇ ರೆಕಾರ್ಡ್ ಮಾಡ್ಕೊಳ್ಳಿ.

ಗಣಿ ಜಾಗಕ್ಕೆ ಕಾಲಿಡೋಕೆ ಮುಂಚೆ ಪರ್ಮಿಷನ್ ಬೇಕು. ಶಾಫ್ಟ್ ಬಾಯಿ ಹತ್ರ ಹೋಗೋದೇ ಬೇಡ, ಸುತ್ತ ನೆಲ ಟೊಳ್ಳಾಗಿರಬಹುದು, ದೂರದಿಂದ ಫೋಟೋ ತೆಗೆದು ಸ್ಯಾಟಲೈಟ್ ಚಿತ್ರದಲ್ಲಿ ಪಾಯಿಂಟ್ ಇಟ್ರೆ ಸಾಕು. ಇಷ್ಟಾದ್ಮೇಲೂ ಡ್ರೋನ್ ಬೇಕು ಅನ್ಸಿದ್ರೆ ಡಿಜಿಟಲ್ ಸ್ಕೈ ಅನ್ನೋ ಸರ್ಕಾರದ ಡ್ರೋನ್ ವೆಬ್‌ಸೈಟಿನ ಮ್ಯಾಪಲ್ಲಿ ಹಾರಿಸೋ ಅವಕಾಶ ಇದ್ಯಾ ನೋಡ್ಕೊಳ್ಳಿ, ಆದ್ರೆ ಜಾಲಿ ಮುಚ್ಕೊಂಡಿರೋ ಗೋಡೆಗಳು ಅದಕ್ಕೂ ಕಾಣಲ್ಲ, ಅಲ್ಲಿಗೆ ನಡ್ಕೊಂಡೇ ಹೋಗ್ಬೇಕು.