ಹಳೇ ಕಾರಿಗೆ ಹೈ ಪವರ್ ಎಲ್‌ಇಡಿ ಇಂಡಿಕೇಟರ್ ಹಾಕಿಸಬಹುದಾ?

ಮಳೆಗಾಲದಲ್ಲಿ ಆಗುಂಬೆ ಘಾಟಿ ಇಳಿಯುವಾಗ ನಿಮ್ಮ ಹಳೇ ಕಾರಿನ ಇಂಡಿಕೇಟರ್ ಹಿಂದಿನವರಿಗೆ ಕಾಣುತ್ತಿಲ್ಲ, ಹೈ ಪವರ್ ಎಲ್‌ಇಡಿ ಹಾಕಿಸಿದರೆ ಸರಿಹೋಗುತ್ತಾ ಅಂತ ಕೇಳಿದ್ದೀರಿ. ಹಾಕಿಸಿದವರ ಕಾರಿನಲ್ಲಿ ಅದು ಬೇಗ ಬೇಗ ಹೊಡೆದುಕೊಳ್ಳುತ್ತದಂತೆ, ಯಾಕೆ ಅಂತಲೂ ಕೇಳಿದ್ದೀರಿ.

ಹಾಕಿಸಬಹುದು. ಆದರೆ ದುಡ್ಡು ಖರ್ಚು ಮಾಡುವ ಮೊದಲು ಹೋಲ್ಡರ್ ಬಿಚ್ಚಿ ನೋಡಿ. ನಮ್ಮ ಕಡೆ ಕಾರುಗಳ ಇಂಡಿಕೇಟರ್ ಮಂಕಾಗುವುದಕ್ಕೆ ಎಷ್ಟೋ ಸಲ ಬಲ್ಬು ಕಾರಣವಲ್ಲ, ಕಿಲುಬು ಕಾರಣ. ತಿಂಗಳುಗಟ್ಟಲೆ ಮಳೆ ಕುಡಿದ ಹೋಲ್ಡರಿನ ತಳದಲ್ಲಿ ಹಸಿರು ಪುಡಿ ಕೂತಿರುತ್ತದೆ. ಅರ್ಥ್ ವೈರನ್ನು ಕಾರಿನ ತಗಡಿಗೆ ಬಿಗಿದ ಸ್ಕ್ರೂ ತುಕ್ಕು ಹಿಡಿದಿರುತ್ತದೆ. ಮಾಮೂಲಿ ಬಲ್ಬಿಗೆ ವೋಲ್ಟೇಜ್ ಶೇ. 10ರಷ್ಟು ಕಡಿಮೆಯಾದರೆ ಬೆಳಕು ಶೇ. 30ರಷ್ಟು ಇಳಿದುಹೋಗುತ್ತದೆ. ಪರೀಕ್ಷೆ ಸುಲಭ: ಹೋಲ್ಡರಿನ ಅರ್ಥ್ ತುದಿಯಿಂದ ಬ್ಯಾಟರಿಯ ಮೈನಸ್ಸಿಗೆ ಒಂದು ವೈರ್ ನೇರವಾಗಿ ಎಳೆದು ಇಂಡಿಕೇಟರ್ ಹಾಕಿ. ಬೆಳಕು ತಟ್ಟನೆ ಜಾಸ್ತಿಯಾದರೆ ರೋಗ ಸಿಕ್ಕಿತು. ಸ್ಕ್ರೂ ಜಾಗವನ್ನು ಉಪ್ಪುಕಾಗದದಲ್ಲಿ ಉಜ್ಜಿ, ಬಿಗಿದು, ಸ್ವಲ್ಪ ಗ್ರೀಸ್ ಹಚ್ಚಿ. ಒಳಗೆ ಕಪ್ಪಾದ ಬಲ್ಬನ್ನೂ ಬದಲಿಸಿ. ಅಲ್ಲಿಗೇ ಮುಗಿಯಬಹುದು.

ಅದೆಲ್ಲ ಸರಿಯಿದ್ದೂ ಎಲ್‌ಇಡಿ ಬೇಕು ಅಂದರೆ ಮುಂದಿನದು ಓದಿ.

ಬೇಗ ಬೇಗ ಹೊಡೆದುಕೊಳ್ಳುವುದು ಕೆಟ್ಟುಹೋಗಿದ್ದಕ್ಕಲ್ಲ. ಹಿಂದೆ ಮುಂದೆ 21 ವ್ಯಾಟಿನ ಒಂದೊಂದು ಬಲ್ಬು, ಪಕ್ಕದ ಫೆಂಡರಿನಲ್ಲಿ 5 ವ್ಯಾಟಿನದು, ಒಂದು ಕಡೆಗೆ ಒಟ್ಟು 47 ವ್ಯಾಟ್. ಇಂಡಿಕೇಟರನ್ನು ಹೊತ್ತಿಸಿ ಆರಿಸುವ ಪುಟ್ಟ ಡಬ್ಬಿ, ಅಂದರೆ ಫ್ಲಾಶರ್, ಈ ಕರೆಂಟನ್ನು ಅಳೆಯುತ್ತಿರುತ್ತದೆ. ಕಡಿಮೆಯಾದರೆ ಬಲ್ಬು ಸುಟ್ಟಿದೆ ಅಂದುಕೊಂಡು ನಿಮಗೆ ಗೊತ್ತಾಗಲಿ ಅಂತ ವೇಗವಾಗಿ ಹೊಡೆಯುತ್ತದೆ. 21 ವ್ಯಾಟಿನ ಜಾಗದಲ್ಲಿ 5-6 ವ್ಯಾಟಿನ ಎಲ್‌ಇಡಿ ಕೂತರೆ ಅದಕ್ಕೆ ಹಾಗೇ ಕಾಣುತ್ತದೆ. ಡಬ್ಬದ ಮೇಲೆ ಬರೆದ ದೊಡ್ಡ ದೊಡ್ಡ ವ್ಯಾಟನ್ನು ನಂಬಬೇಡಿ. ಮೀಟರ್ ಹಿಡಿದು ನೋಡಿ, ಅರ್ಧ ಆಂಪಿಯರ್ ಎಳೆದರೆ ಅದು 6 ವ್ಯಾಟಿನ ಎಲ್‌ಇಡಿ, ಅಷ್ಟೇ. ನಮ್ಮ ನಿಯಮದ ಪ್ರಕಾರ ಇಂಡಿಕೇಟರ್ ನಿಮಿಷಕ್ಕೆ 60ರಿಂದ 120 ಸಲ ಹೊಡೆಯಬೇಕು, ಹಾಗಾಗಿ ಅದನ್ನು ಹಾಗೇ ಬಿಡುವಂತಿಲ್ಲ.

ಗ್ಯಾರೇಜಿನಲ್ಲಿ ಸಾಮಾನ್ಯವಾಗಿ ಹೇಳುವ ಮದ್ದು ರೆಸಿಸ್ಟರ್, ಅಂದರೆ ಎಲ್‌ಇಡಿಯ ಜೊತೆ ಸೇರಿಸಿ, ಹಳೇ ಬಲ್ಬಿನಷ್ಟು ಕರೆಂಟ್ ಎಳೆದು ಫ್ಲಾಶರನ್ನು ನಂಬಿಸುವ ತುಂಡು. 6 ಓಮ್, 50 ವ್ಯಾಟ್, ಬಂಗಾರದ ಬಣ್ಣದ ಅಲ್ಯೂಮಿನಿಯಂ ಮೈ. ನನಗೆ ಇದು ಇಷ್ಟವಿಲ್ಲ. ಕರೆಂಟ್ ಉಳಿಸುವ ಬಲ್ಬು ಹಾಕಿ, ಉಳಿದ ಕರೆಂಟನ್ನು ಸುಮ್ನೆ ಶಾಖ ಮಾಡಿ ಸುಡುವುದು ಯಾವ ಲೆಕ್ಕ? ಎಂಜಿನ್ ಓಡುವಾಗ, ಇಂಡಿಕೇಟರ್ ಬೆಳಗಿದಾಗಲೆಲ್ಲ, ಒಂದೊಂದೂ ಸುಮಾರು 30 ವ್ಯಾಟ್ ಶಾಖ ಕಕ್ಕುತ್ತದೆ. ನಮ್ಮ ಪಕ್ಕದ ಮನೆಯವರ ಕಾರಿನಲ್ಲಿ ಯಾರೋ ಅದನ್ನು ಹಿಂದಿನ ಲೈಟಿನ ಪ್ಲಾಸ್ಟಿಕ್ಕಿಗೆ ಡಬಲ್ ಟೇಪಿನಲ್ಲಿ ಅಂಟಿಸಿದ್ದರು. ಬಿಚ್ಚಿದಾಗ ಟೇಪು ಕರಗಿ ಕೆಳಗೆ ಜೋತಿತ್ತು, ಪ್ಲಾಸ್ಟಿಕ್ ಹಪ್ಪಳದ ಹಾಗೆ ಉಬ್ಬಿತ್ತು, ಪಕ್ಕದ ವೈರಿನ ಸಿಪ್ಪೆ ಕಂದಾಗಿತ್ತು. ಹಾಕಲೇಬೇಕಾದರೆ ಬಾಡಿಯ ತಗಡಿಗೆ ಬೋಲ್ಟ್ ಮಾಡಿಸಿ, ವೈರಿನಿಂದ ದೂರ.

ಅದಕ್ಕಿಂತ ಫ್ಲಾಶರನ್ನೇ ಬದಲಿಸುವುದು ಒಳ್ಳೆಯದು. ಎಲ್‌ಇಡಿಗೆಂದೇ ಮಾಡಿದ ಫ್ಲಾಶರ್ ಎಷ್ಟು ಕರೆಂಟ್ ಹೋಗುತ್ತಿದೆ ಅಂತ ನೋಡುವುದಿಲ್ಲ, ಒಂದೇ ವೇಗದಲ್ಲಿ ಹೊಡೆಯುತ್ತದೆ. ಹಳೇ ಕಾರಿನಲ್ಲಿ ಟಿಕ್ ಟಿಕ್ ಸದ್ದು ಎಲ್ಲಿಂದ ಬರುತ್ತದೋ ಅಲ್ಲೇ ಫ್ಲಾಶರ್ ಇರುತ್ತದೆ, ಸಾಮಾನ್ಯವಾಗಿ ಡ್ಯಾಶ್‌ಬೋರ್ಡಿನ ಕೆಳಗೆ, ಫ್ಯೂಸ್ ಬಾಕ್ಸಿನ ಆಸುಪಾಸು. ಅದನ್ನು ಕಿತ್ತು ಕೈಯಲ್ಲಿ ಹಿಡಿದೇ ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿಗೆ ಹೋಗಿ, ಪಿನ್ನುಗಳ ಜೋಡಣೆ ಹೋಲಿಸಿ ತೆಗೆದುಕೊಳ್ಳಿ. ಒಂದು ನಷ್ಟವೂ ಇದೆ. ಇನ್ನು ಮುಂದೆ ಒಂದು ದೀಪ ಕೆಟ್ಟರೂ ವೇಗ ಬದಲಾಗುವುದಿಲ್ಲ, ಆಗಾಗ ಕೆಳಗಿಳಿದು ನೀವೇ ನೋಡಬೇಕು. ಹೊಸ ಕಾರುಗಳಲ್ಲಿ ಬೇರೆ ಫ್ಲಾಶರೇ ಇರುವುದಿಲ್ಲ, ಕಂಪ್ಯೂಟರೇ ಆ ಕೆಲಸ ಮಾಡುತ್ತದೆ. ಅಂಥದ್ದಾದರೆ ಕೈಹಾಕದಿರುವುದೇ ವಾಸಿ.

ಎಲ್‌ಇಡಿ ಆರಿಸುವಾಗ ಬಣ್ಣ ನೋಡಿ. ಇಂಡಿಕೇಟರ್ ಗಾಜು ಕಿತ್ತಳೆಯದಾದರೂ ಕಿತ್ತಳೆ ಎಲ್‌ಇಡಿಯನ್ನೇ ಹಾಕಿ. ಬಿಳಿ ಎಲ್‌ಇಡಿಯಲ್ಲಿ ಆ ಬಣ್ಣದ ಬೆಳಕೇ ಕಡಿಮೆ, ಗಾಜು ದಾಟುವಷ್ಟರಲ್ಲಿ ಅರ್ಧಕ್ಕರ್ಧ ಹೋಗಿರುತ್ತದೆ. ಬುಡದ ಎರಡು ಪಿನ್ನು ಎದುರುಬದುರು ಇವೆಯಾ, ಓರೆಯಾಗಿವೆಯಾ ನೋಡಿ, ಎರಡೂ ಸಿಗುತ್ತವೆ. ಬೆಳಕು ಕೊಡುವ ಚಿಪ್‌ಗಳು ತುದಿಯಲ್ಲಿ ಮಾತ್ರವಲ್ಲ, ಸುತ್ತಲೂ ಇರಬೇಕು. ಲೈಟಿನೊಳಗಿನ ಕನ್ನಡಿ ಬಟ್ಟಲು ಮಾಡಿರುವುದು ಹಳೇ ಬಲ್ಬಿನ ಫಿಲಮೆಂಟಿನ ಜಾಗ ಲೆಕ್ಕ ಹಾಕಿ. ಬೆಳಕು ಬದಿಗೆ ಬೀಳದಿದ್ದರೆ ನೇರ ಹಿಂದೆ ಬರುವ ಬೈಕಿನವರ ಕಣ್ಣು ಕುಕ್ಕುತ್ತದೆ, ತಿರುವಿನಲ್ಲಿ ಓರೆಯಾಗಿ ನೋಡುವವರಿಗೆ ಏನೂ ಕಾಣುವುದಿಲ್ಲ. 14 ಹೇರ್‌ಪಿನ್ ತಿರುವಿನ ಘಾಟಿಯಲ್ಲಿ ಓರೆಯಿಂದ ನೋಡುವವರೇ ಮುಖ್ಯ ಅಲ್ವಾ?

ಮಲೆನಾಡಿಗೆ ಇನ್ನೊಂದು ತೊಡಕಿದೆ. ಹಳೇ ಬಲ್ಬಿನ ಶಾಖಕ್ಕೆ ಲೈಟಿನೊಳಗಿನ ತೇವ ಸ್ವಲ್ಪ ಆರುತ್ತಿತ್ತು. ಎಲ್‌ಇಡಿ ಅಷ್ಟು ಬಿಸಿಯಾಗುವುದಿಲ್ಲ, ಗಾಜಿನೊಳಗೆ ಹನಿ ಕಟ್ಟುತ್ತದೆ. ಜೂನ್‌ಗೆ ಮೊದಲೇ ರಬ್ಬರ್ ಗ್ಯಾಸ್ಕೆಟ್ ಬದಲಿಸಿಬಿಡಿ.

ಮತ್ತೆ, ನೀವು ಕೇಳಿಲ್ಲ, ಆದರೂ ಹೇಳುತ್ತೇನೆ: ಮಂಜು ಕವಿದ ಕೂಡಲೇ ನಾಲ್ಕೂ ಇಂಡಿಕೇಟರ್ ಹಾಕಿಕೊಂಡು ಘಾಟಿ ಇಳಿಯುವವರು ನಮ್ಮಲ್ಲಿ ಬಹಳ. ಆಮೇಲೆ ಎಡಕ್ಕೋ ಬಲಕ್ಕೋ ಅಂತ ತೋರಿಸುವುದಕ್ಕೆ ಏನೂ ಉಳಿಯುವುದಿಲ್ಲ. ಡಿಮ್‌ನಲ್ಲಿ ಹೆಡ್‌ಲೈಟ್ ಹಾಕಿದರೆ ಹಿಂದಿನ ಕೆಂಪು ದೀಪವೂ ಹತ್ತಿರುತ್ತದೆ, ಅಷ್ಟು ಸಾಕು.

ಕಾರು ಯಾವುದು, ಯಾವ ವರ್ಷದ್ದು ಬರೆಯಿರಿ. ಫ್ಲಾಶರಿನ ಕೆಳಭಾಗದ ಒಂದು ಫೋಟೊ ಹಾಕಿದರೆ ಯಾವ ಪಿನ್ನಿಗೆ ಅರ್ಥ್ ಅಂತ ಹೇಳುತ್ತೇನೆ.