ಎರಡನೇ ಮಹಾಯುದ್ಧ ಮುಗಿದ ಮೇಲೆ ಸಬ್‌ಮರೀನ್ ಯಾವುದಾದರೂ ಯುದ್ಧನೌಕೆಯನ್ನು ಮುಳುಗಿಸಿದೆಯಾ?

ಹೌದು. ಅಂಥ ಮೊದಲ ಘಟನೆ ನಡೆದದ್ದು ನಮ್ಮ ಅರಬ್ಬಿ ಸಮುದ್ರದಲ್ಲೇ. ಮುಂಬೈಯಲ್ಲಿ ಮರೀನ್ ಡ್ರೈವ್ ಕಟ್ಟೆ ಮೇಲೆ ಕೂತು ಸಮುದ್ರ ನೋಡುವ ನಾವು ಕನ್ನಡಿಗರು ಇದನ್ನು ನೆನೆಯುವುದು ಕಡಿಮೆ.

1971ರ ಡಿಸೆಂಬರ್ 9ರ ರಾತ್ರಿ. ನಮ್ಮ ಖುಕ್ರಿ ಮತ್ತು ಕೃಪಾಣ್ ಎಂಬ ಫ್ರಿಗೇಟ್‌ಗಳು (ಮಧ್ಯಮ ಗಾತ್ರದ ಯುದ್ಧನೌಕೆಗಳು) ಗುಜರಾತ್ ಕರಾವಳಿಯ ದೀವ್ ಹತ್ತಿರ ಪಾಕಿಸ್ತಾನದ ಸಬ್‌ಮರೀನನ್ನು ಹುಡುಕುತ್ತಿದ್ದವು. ಆದರೆ ಬೇಟೆಗೆ ಹೋದವರೇ ಬೇಟೆಯಾದರು. ಫ್ರಾನ್ಸಿನಲ್ಲಿ ತಯಾರಾದ ಆ ಪಾಕ್ ಸಬ್‌ಮರೀನ್ ಹಂಗೋರ್ ಮೊದಲು ಕೃಪಾಣ್ ಮೇಲೆ ಟಾರ್ಪಿಡೊ (ನೀರಡಿ ಸಾಗಿ ಸಿಡಿಯುವ ಅಸ್ತ್ರ) ಬಿಟ್ಟಿತು, ಅದು ಸಿಡಿಯಲಿಲ್ಲ. ಇನ್ನೊಂದು ಖುಕ್ರಿಗೆ ಬಡಿಯಿತು. ಕೆಲವೇ ನಿಮಿಷಗಳಲ್ಲಿ ಹಡಗು ಮುಳುಗಿತು. 18 ಅಧಿಕಾರಿಗಳು, 176 ನಾವಿಕರು ಹೋದರು. ಕ್ಯಾಪ್ಟನ್ ಮಹೇಂದ್ರನಾಥ್ ಮುಲ್ಲಾ ಹಡಗು ಬಿಟ್ಟು ಬರಲೇ ಇಲ್ಲ. ಅವರಿಗೆ ಮರಣೋತ್ತರ ಮಹಾವೀರ ಚಕ್ರ ಬಂತು.

ಹುಡುಕಲು ಹೋದ ಹಡಗಿಗೇ ಸಬ್‌ಮರೀನ್ ಯಾಕೆ ಸಿಗಲಿಲ್ಲ? ನೀರಡಿಯಲ್ಲಿ ಡೀಸೆಲ್ ಸಬ್‌ಮರೀನ್ ಓಡುವುದು ಬ್ಯಾಟರಿಯಲ್ಲಿ, ಸದ್ದು ತೀರಾ ಕಡಿಮೆ. ಜೊತೆಗೆ ಸಮುದ್ರದ ಮೇಲ್ನೀರು ಬೆಚ್ಚಗೆ, ಕೆಳಗೆ ತಂಪು. ಎರಡರ ನಡುವೆ ಸೋನಾರ್ (ಸದ್ದಿನಿಂದ ನೀರಡಿ ಹುಡುಕುವ ಯಂತ್ರ) ಸದ್ದು ಬಾಗಿಬಿಡುತ್ತದೆ, ಸಬ್‌ಮರೀನ್ ತಪ್ಪಿಸಿಕೊಳ್ಳುತ್ತದೆ. ಸುಮ್ನೆ ಯಂತ್ರ ಹಳೆಯದು ಅಂತ ಬೈದರೆ ಅರ್ಧ ಕಥೆ ಅಷ್ಟೇ.

ಆಮೇಲೆ 1982ರ ಮೇ 2ರಂದು, ಫಾಕ್‌ಲ್ಯಾಂಡ್ ಯುದ್ಧದಲ್ಲಿ, ಬ್ರಿಟನ್ನಿನ ಅಣುಶಕ್ತಿ ಸಬ್‌ಮರೀನ್ ಕಾಂಕರರ್ ಅರ್ಜೆಂಟೀನಾದ ಜನರಲ್ ಬೆಲ್‌ಗ್ರಾನೊ ಎಂಬ ಯುದ್ಧನೌಕೆಯನ್ನು ಮುಳುಗಿಸಿತು. 323 ಜನ ಸತ್ತರು.

ಹಂಗೋರ್ ಈಗ ಕರಾಚಿಯ ಮ್ಯೂಸಿಯಂನಲ್ಲಿದೆ. ಖುಕ್ರಿಯ ಸ್ಮಾರಕ ದೀವ್‌ನಲ್ಲಿದೆ, ಸಮುದ್ರದ ಪಕ್ಕದಲ್ಲೇ.